ಫಕೀರಪ್ಪನ ಖಾನಾವಳಿ ಮತ್ತೆ ತೆರೆಯಿತು

ಉಣ್ಣಲು ಕೂತವರಿಗೆ ಒತ್ತಾಯ ಮಾಡದಿದ್ದರೆ ಫಕೀರಪ್ಪನಿಗೆ ತಾನು ಉಂಡದ್ದೂ ಜೀರ್ಣವಾಗುವುದಿಲ್ಲ. ಪುಣೆಯ ಸದಾಶಿವ ಪೇಠದ ಹಳೆಯ ವಾಡೆಯೊಂದರಲ್ಲಿ, ನಡುವೆ ಅಂಗಳವಿರುವ ದೊಡ್ಡ ಮನೆಯಲ್ಲಿ, ಅವನದು ಜೋಳದ ರೊಟ್ಟಿಯ ಖಾನಾವಳಿ. ತಾಟಿನ ಮೇಲೆ ಬಗ್ಗಿ, ಉಣ್ಣುವವರ ಕಿವಿಯ ಹತ್ತಿರ ಬಾಯಿ ತಂದು, "ಇನ್ನೊಂದ ರೊಟ್ಟಿರೀ, ನನ್ನಾಣಿ, ಒಂದ ಒಂದು" ಎಂದು ಗೋಗರೆಯುವುದೇ ಅವನ ಉಪಚಾರ. ಬೇಡ ಎಂದವರ ತಾಟಿಗೂ ರೊಟ್ಟಿ ಬಂದು ಬೀಳುತ್ತಿತ್ತು. ಧಾರವಾಡ, ಬೆಳಗಾವಿ ಕಡೆಯ ನೌಕರದಾರರು, ಕೋಚಿಂಗ್ ಕ್ಲಾಸಿಗೆ ಬರುವ ಮರಾಠಿ ಹುಡುಗರು, ಯಾರೇ ಆಗಲಿ, ಅಲ್ಲಿ ಹಸಿವಿಗಿಂತ ಒಂದು ರೊಟ್ಟಿ ಹೆಚ್ಚು ಉಂಡೇ ಏಳುತ್ತಿದ್ದರು.

ಕೊರೊನಾ ಬಂತು, ಖಾನಾವಳಿಗೆ ಬೀಗ ಬಿತ್ತು. ಎರಡನೇ ಅಲೆಯಲ್ಲಿ ಫಕೀರಪ್ಪನ ಹೆಂಡತಿ ಶಿವಗಂಗವ್ವ ಆಸ್ಪತ್ರೆ ಸೇರಿದಳು. ಮೊದಲೇ ದಮ್ಮಿನ ಜೀವ. ಆಕ್ಸಿಜನ್ ಹಚ್ಚಿಸಿಕೊಂಡು ಬದುಕಿ ಬಂದದ್ದೇ ದೊಡ್ಡದು. ಇನ್ನೊಮ್ಮೆ ಈ ರೋಗ ತಗುಲಿದರೆ ಇವರ ಎದೆ ತಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಈಗ ಅಲೆ ಇಳಿದಿತ್ತು. ಗಂಡಹೆಂಡತಿ ಇಬ್ಬರಿಗೂ ಲಸಿಕೆಯ ಎರಡೂ ಡೋಸ್ ಆಗಿತ್ತು. ಹೋಟೆಲುಗಳಲ್ಲಿ ಅರ್ಧ ಮಂದಿಯನ್ನು ಕೂರಿಸಬಹುದೆಂದು ಅಪ್ಪಣೆಯೂ ಬಂದಿತ್ತು. ಒಂದು ಬೆಳಿಗ್ಗೆ ಕ್ಲಾಸಿನ ಹುಡುಗನೊಬ್ಬ ಬಾಗಿಲಲ್ಲಿ ಹಣಿಕಿ ಹಾಕಿ, "ಕಾಕಾ, ಜೇವಣ ಚಾಲೂ ಝಾಲಂ ಕಾ?" ಎಂದ. ಊಟ ಶುರುವಾಯಿತೇ ಎಂದು ಅವನು ಕೇಳಿದ್ದೇ ತಡ, ಫಕೀರಪ್ಪನ ಕೈ ತುರಿಸತೊಡಗಿತು.

ಆದರೆ ಹೆಂಡತಿಯ ಮುಖ ನೋಡಿದೊಡನೆ ಅವನ ಉತ್ಸಾಹ ಇಳಿಯಿತು.

"ಬ್ಯಾಡ ಬಿಡು. ನಿನ್ನ ಜೀವಕ್ಕಿಂತ ಖಾನಾವಳಿ ದೊಡ್ಡದಲ್ಲ."

"ತೆರೀರಿ," ಎಂದಳು ಶಿವಗಂಗವ್ವ. "ಮಂದಿ ಉಣ್ಣೂದು ನೋಡ್ಲಿಲ್ಲಂದ್ರ ನಾ ಬ್ಯಾರೆ ರೋಗಕ್ಕ ಹೋಗ್ತೀನಿ. ಆದ್ರ ಹೆಂಗ ತೆರೀಬೇಕು ಅನ್ನೂದು ಮ್ಯಾಲಿನ ಮನಿ ಸಾಯಲಿನ್ನ ಕೇಳ್ರಿ."

ಸಾಯಲಿ ಮಹಡಿಯ ಮೇಲೆ ಬಾಡಿಗೆಗಿರುವ ಬೆಳಗಾವಿಯ ಹುಡುಗಿ, ಪಾಲಿಕೆಯ ದವಾಖಾನೆಯಲ್ಲಿ ನರ್ಸ್. ಕೇಳುವ ಮೊದಲೇ ಫಕೀರಪ್ಪ ತನಗೆ ತಿಳಿದಂತೆ ತಯಾರಿ ಶುರುಮಾಡಿದ. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟು ಅದಕ್ಕೊಂದು ಚೆಂಡುಹೂವಿನ ಮಾಲೆ ಹಾಕಿದ. ಜ್ವರ ನೋಡುವ ಯಂತ್ರ ತಂದ. ತಾಟುಗಳನ್ನು ಕುದಿಯುವ ನೀರಲ್ಲಿ ಅದ್ದಿ ತೆಗೆದ. ಕೊನೆಗೆ, ರೋಗ ಹೊರಗಿನಿಂದ ಬರುತ್ತದಲ್ಲ, ಅದಕ್ಕೆ ಎಲ್ಲ ಕಿಟಕಿಗಳನ್ನೂ ಗಟ್ಟಿಯಾಗಿ ಹಾಕಿಬಿಟ್ಟ!

ಸಾಯಲಿ ಡ್ಯೂಟಿ ಮುಗಿಸಿ ಬಂದು ಒಳಗೆ ಕಾಲಿಟ್ಟಾಗ, ಹೆಂಡತಿಯನ್ನು ಅಂಗಳದಲ್ಲಿ ಕೂರಿಸಿ ಫಕೀರಪ್ಪನೇ ಅಡುಗೆಮನೆಯಲ್ಲಿ ಚಟ್ನಿಗೆ ಒಣಮೆಣಸಿನಕಾಯಿ ಹುರಿಯುತ್ತಿದ್ದ.

"ಬಾ ತಂಗಿ, ನೋಡು, ಇರಿವಿ ಸೈತ ಒಳಗ ಬರಾಂಗಿಲ್ಲ, ಹಂಗ ಮಾಡೇನಿ."

"ಕಾಕಾ, ಖಿಡಕಿ ಯಾಕ..." ಎಂದವಳಿಗೆ ಕೆಮ್ಮು ಬಂತು. ಘಾಟು ಅಡುಗೆಮನೆ ದಾಟಿ ಊಟದ ಕೋಣೆ ತುಂಬಿತ್ತು. ಫಕೀರಪ್ಪನೂ ಕೆಮ್ಮಿದ, ಸೀನಿದ, ಕಣ್ಣೀರು ಒರೆಸಿಕೊಳ್ಳುತ್ತ ಓಡಿಹೋಗಿ ತಾನೇ ಕಿಟಕಿಗಳನ್ನೆಲ್ಲ ತೆರೆದ. ಅಂಗಳದಲ್ಲಿ ಕೂತಿದ್ದ ಶಿವಗಂಗವ್ವ ಬಿದ್ದು ಬಿದ್ದು ನಕ್ಕಳು.

ಗಾಳಿ ಆಡಿತು. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು.

"ಘಾಟ ಎಲ್ಲಿ ಹೋತು ಕಾಕಾ?" ಎಂದು ಸಾಯಲಿ ಕೇಳಿದಳು.

"ಹೊರಗ ಹೋತು. ಮತ್ತೆಲ್ಲಿ ಹೋಗ್ತದ?"

"ಈ ರೋಗಾನೂ ಹಂಗಽ. ರೋಗ ಇದ್ದವ್ರು ಮಾತಾಡಿದ್ರ, ಕೆಮ್ಮಿದ್ರ, ಅವರ ಉಸಿರಿನ ಕೂಡ ಹೊರಗ ಬರ್ತದ. ಖಿಡಕಿ ಹಾಕಿ ಕೋಲಿ ಮುಚ್ಚಿದ್ರ ಅಲ್ಲೇ ಉಳೀತದ, ಗಾಳಿ ಆಡಿದ್ರ ಚದುರ್ತದ. ಮೆಣಸಿನಕಾಯಿ ಘಾಟ ಮೂಗಿಗೆ ಗೊತ್ತಾಗ್ತದ. ಇದು ಗೊತ್ತಾಗೂದಿಲ್ಲ, ಅದಕ್ಕ ಮೋಸ ಹೋಗ್ತೀವಿ."

ಫಕೀರಪ್ಪ ಮೂಗು ಒರೆಸಿಕೊಂಡು ಯೋಚಿಸಿದ. ಇಷ್ಟೊಂದು ಕೆಮ್ಮಿದ ಮೇಲೆ ವಾದ ಮಾಡುವಂತಿರಲಿಲ್ಲ. "ಹಂಗಾದ್ರ ಟೇಬಲ್ ಅಂಗಳದಾಗ ಹಾಕ್ತೀನಿ. ಮ್ಯಾಲ ತಾಡಪತ್ರಿ ಕಟ್ಟಿದ್ರ ಬಿಸಲೂ ಇಲ್ಲ."

"ಭಾಳ ಚಲೋ ಆತು. ಮತ್ತ ನೀವು ಬಡಸೂಮುಂದ ಮಾಸ್ಕ ಮೂಗಿನ ಮ್ಯಾಲಿರ್ಬೇಕು."

ಇಲ್ಲಿ ಮಾತ್ರ ಫಕೀರಪ್ಪ ತಿರುಗಿ ಬಿದ್ದ. "ಏನವಾ, ಲಸಿಕಿ ಹಾಕ್ಕೊಂಡೇನಲ್ಲ! ಮಾರಿ ಮುಚ್ಕೊಂಡು ರೊಟ್ಟಿ ನೀಡಿದ್ರ ಅದೆಂಥಾ ಉಪಚಾರ? ಬಂದವ್ರಿಗೆ ಮರ್ಯಾದಿ ಬ್ಯಾಡೇನು?"

"ಲಸಿಕಿ ತಗೊಂಡ್ರ ರೋಗದ ಜೋರು ಕಡಿಮಿ ಆಗ್ತದ ಕಾಕಾ. ಆದ್ರೂ ಹತ್ತಬಹುದು, ನಿಮ್ಮಿಂದ ಇನ್ನೊಬ್ಬರಿಗೆ ಹೋಗಬಹುದು. ದಿನಾ ನೂರು ಮಂದಿ ಕಿವ್ಯಾಗ ಬಾಯಿಟ್ಟು ಮಾತಾಡಿ, ರಾತ್ರಿ ಕಾಕೂನ ಹತ್ರ ಬರೂವ್ರು ನೀವಽ."

ಫಕೀರಪ್ಪ ಹೆಂಡತಿಯ ಕಡೆ ನೋಡಿದ. ಅವಳು ನಗು ನಿಲ್ಲಿಸಿದ್ದಳು. ಅವನು ಕತ್ತಿಗೆ ಇಳಿಸಿಕೊಂಡಿದ್ದ ಮಾಸ್ಕನ್ನು ಮೆಲ್ಲಗೆ ಮೂಗಿನ ಮೇಲೆ ಏರಿಸಿದ.

ಸೋಮವಾರ ಖಾನಾವಳಿ ತೆರೆಯಿತು. ಅಂಗಳದಲ್ಲಿ ದೂರ ದೂರ ಟೇಬಲ್ಲು, ಮೇಲೆ ನೀಲಿ ತಾಡಪತ್ರಿ. ಒಳಗೆ ತೆರೆದ ಕಿಟಕಿಯ ಪಕ್ಕ ಶಿವಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಆ ಸಪ್ಪಳ ವಾಡೆಯಲ್ಲಿ ಕೇಳಿತ್ತು. ಊರ ಇನ್ನೊಂದು ತುದಿಯ ವಿಮಾನ ನಗರದಿಂದ ಇಬ್ಬರು ಹಳೆಯ ಗಿರಾಕಿಗಳು ಕೆಲಸಕ್ಕೆ ರಜೆ ಹಾಕಿ ಬಂದಿದ್ದರು. ಫಕೀರಪ್ಪ ಬಗ್ಗಲಿಲ್ಲ, ಕಿವಿಯ ಹತ್ತಿರ ಹೋಗಲಿಲ್ಲ. ದೂರ ನಿಂತು, ಮಾಸ್ಕಿನೊಳಗಿಂದಲೇ, "ಒಂದ ರೊಟ್ಟಿರೀ!" ಎಂದು ದನಿ ಎತ್ತಿದ. ಒಬ್ಬರಿಗೆ ಕೂಗಿದ್ದು ನಾಲ್ಕು ಟೇಬಲ್ಲಿಗೂ ಕೇಳಿ, ಎಲ್ಲರೂ ನಾಚಿಕೊಂಡು ಒಂದೊಂದು ರೊಟ್ಟಿ ಹಾಕಿಸಿಕೊಂಡರು. ಉಪಚಾರಕ್ಕೇನೂ ಕಡಿಮೆಯಾಗಲಿಲ್ಲ.

ಅಷ್ಟರಲ್ಲಿ ಅವಧೂತ ಎಂಬುವರು ಬಂದರು. ಬ್ಯಾಂಕಿನಲ್ಲಿ ಗುಮಾಸ್ತರು, ಪಕ್ಕದ ಓಣಿಯ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವವರು, ಫಕೀರಪ್ಪನ ಹಳೆಯ ಗಿರಾಕಿ. ಅವರ ಜಾಗ ಯಾವಾಗಲೂ ಅಡುಗೆಮನೆಯ ಬಾಗಿಲ ಹತ್ತಿರ. ಹೆಂಚಿನಿಂದ ತೆಗೆದ ರೊಟ್ಟಿ ನೇರ ತಾಟಿಗೆ ಬೀಳಬೇಕು, ಶಿವಗಂಗವ್ವನ ಜೊತೆ ಊರ ಸುದ್ದಿ ನಡೆಯಬೇಕು.

"ಬರ್ರಿ, ಬರ್ರಿ!" ಎಂದ ಫಕೀರಪ್ಪ ಹಿಗ್ಗಿ. ಅವಧೂತರು ಒಮ್ಮೆ ಸೀನಿದರು, ಮತ್ತೊಮ್ಮೆ ಸೀನಿದರು. ಯಂತ್ರ ಹಿಡಿದರೆ ಜ್ವರವಿರಲಿಲ್ಲ.

"ಏನಿಲ್ಲ, ಹವಾ ಬದಲಾತಲ್ಲ, ಬರೇ ನೆಗಡಿ," ಎಂದು ಅವರು ಒಳಗೆ ಹೆಜ್ಜೆ ಇಟ್ಟರು. "ಅಕ್ಕಾರ ಎಲ್ಲಿ? ಭಾಳ ಹಸದೇನಿ ಫಕೀರಪ್ಪ, ಮುಂಜಾನಿಂದ ಏನೂ ತಿಂದಿಲ್ಲ."

ಹಸಿದು ಬಂದವರನ್ನು ಫಕೀರಪ್ಪ ಆ ಬಾಗಿಲಿನಿಂದ ಎಂದೂ ಹಿಂದಕ್ಕೆ ಕಳಿಸಿರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಡೆದೇ ಇತ್ತು.

"ಅವಧೂತರ, ಇವತ್ತ ಒಳಗ ಬ್ಯಾಡ್ರಿ," ಎಂದ. ದನಿ ಅವನದೇ ಅನ್ನಿಸಲಿಲ್ಲ.

ಅವಧೂತರ ಮುಖ ಸಣ್ಣದಾಯಿತು. "ನನಗೇನು? ಇಷ್ಟು ವರ್ಷದಾಗ..."

"ಸಿಟ್ಟಾಗಬ್ಯಾಡ್ರಿ. ನೆಗಡಿ ಅನ್ನೂದು ನೆಗಡೀನೋ ಅದೋ, ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಳಗ ಆಕಿ ಇದ್ದಾಳ್ರಿ. ನೀವು ಕೋಲಿಗೆ ನಡೀರಿ, ಹಿಂದಽ ಊಟ ಬರ್ತದ. ಸಾಯಲಿಗೆ ಹೇಳ್ತೀನಿ, ಸಂಜೀಕ ದವಾಖಾನ್ಯಾಗ ತಪಾಸಣಿ ಮಾಡಿಸ್ರಿ."

ಅವಧೂತರು ಬಂದ ದಾರಿಗೇ ತಿರುಗಿದರು. ಫಕೀರಪ್ಪ ಡಬ್ಬಿ ಕಟ್ಟಿಕೊಂಡು ಅವರ ಹಿಂದೆಯೇ ನಡೆದ, ಅವರ ಕೋಣೆಯ ಮೆಟ್ಟಿಲ ಮೇಲೆ ಡಬ್ಬಿ ಇಟ್ಟು ಕೆಳಗಿಳಿದು ಬೀದಿಯಲ್ಲಿ ನಿಂತ. ಅವರು ಕಿಟಕಿಯಲ್ಲಿ ಕಾಣಿಸಿಕೊಂಡ ಕೂಡಲೇ, "ಬದನಿಕಾಯಿ ಎಣಗಾಯಿ ಬಿಸಿ ಅದ, ಈಗಽ ಉಣ್ರಿ! ಚಟ್ನಿ ತಳದಾಗ ಅದ! ರೊಟ್ಟಿ ಸಾಲದಿದ್ರ ಫೋನ್ ಮಾಡ್ರಿ!" ಎಂದು ಕೂಗಿದ. ಸ್ಕೂಟರಿನವನೊಬ್ಬ ನಿಂತು ನೋಡಿದ. ಅವಧೂತರಿಗೆ ನಗು ತಡೆಯಲಾಗಲಿಲ್ಲ.

ಮರುದಿನ ಅವರದೇ ಫೋನು ಬಂತು. "ಪಾಸಿಟಿವ್ ಬಂದದ ಫಕೀರಪ್ಪ. ಆರಾಮಿದ್ದೀನಿ, ಗುಳಿಗಿ ಕೊಟ್ಟಾರ. ಆದ್ರ ನಿನ್ನೆ ನೀ ಬಿಟ್ಟಿದ್ರ ನಾ ಅಕ್ಕಾರ ಮುಂದಽ ಕುಂಡರ್ತಿದ್ದೆ ನೋಡು."

ಫಕೀರಪ್ಪ ಫೋನಿಟ್ಟು ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಂತ. ಶಿವಗಂಗವ್ವ ಹಿಟ್ಟು ನಾದುತ್ತಿದ್ದಳು. ಉಸಿರು ಸರಾಗವಾಗಿತ್ತು. ಅವನ ಕಣ್ಣು ತುಂಬಿ ಬಂತು.

"ಯಾಕ್ರೀ, ಉಳ್ಳಾಗಡ್ಡಿ ಹೆಚ್ಚಿದ್ರೇನು?" ಎಂದಳು ಅವಳು.

"ಹ್ಞೂಂ. ಉಳ್ಳಾಗಡ್ಡಿ," ಎಂದ ಫಕೀರಪ್ಪ. ಅಂದು ಅವನು ಉಳ್ಳಾಗಡ್ಡಿಯನ್ನು ಮುಟ್ಟಿಯೇ ಇರಲಿಲ್ಲ.

ಓದುತ್ತಿರುವ ಅಕ್ಕ, ಅಣ್ಣ, ನಮ್ಮ ಊರು ಮತ್ತೆ ತೆರೆಯುತ್ತಿದೆ. ಹೆದರಿ ಒಳಗೇ ಕೂರಬೇಡಿ. ಲಸಿಕೆ ಬಾಕಿ ಇದ್ದರೆ ಮೊದಲು ಹಾಕಿಸಿಕೊಳ್ಳಿ. ಪೇಟೆಗೆ ಹೋಗಿ, ಚಹಾ ಕುಡಿಯಿರಿ, ನಿಮ್ಮ ಓಣಿಯ ಖಾನಾವಳಿಯಲ್ಲಿ ಹೊಟ್ಟೆ ತುಂಬ ಉಣ್ಣಿ. ಅಂಗಳವಿದ್ದರೆ ಅಂಗಳದಲ್ಲಿ ಕೂರಿ, ಇಲ್ಲವೆಂದರೆ ಕಿಟಕಿ ತೆರೆಸಿ ಕೂರಿ. ಮಾತಾಡುವಾಗ ಮಾಸ್ಕ್ ಇಳಿಸುವುದು ಮರ್ಯಾದೆಯಲ್ಲ, ಏರಿಸುವುದೇ ಮರ್ಯಾದೆ. ನೆಗಡಿ, ಕೆಮ್ಮು, ಮೈ ಬಿಸಿ ಅನ್ನಿಸಿದ ದಿನ ಮಾತ್ರ ಮನೆಯಲ್ಲೇ ಉಳಿದು ತಪಾಸಣೆ ಮಾಡಿಸಿ. ನೀವು ಹೋಗಬೇಕೆಂದಿದ್ದ ಕಡೆ ಒಲೆಯ ಮುಂದೆ ಯಾರು ಕೂತಿದ್ದಾರೋ, ಅವರ ಉಸಿರು ಎಷ್ಟು ಗಟ್ಟಿಯೋ ನಿಮಗೆ ಗೊತ್ತಿಲ್ಲ.