ಐದು ಐವತ್ತರ ಬಸ್ಸು

ಬೆಟ್ಟದ ಬುಡದ ನಿಲ್ದಾಣಕ್ಕೆ ಬಸ್ಸು ಬಂದು ನಿಂತು ಹತ್ತು ನಿಮಿಷವಾಗಿತ್ತು. ಕಂಡಕ್ಟರಮ್ಮ ಮೂರನೆಯ ಸಲ ತಲೆ ಎಣಿಸಿದಳು. ಆರು. ಎಷ್ಟು ಸಲ ಎಣಿಸಿದರೂ ಆರು ಏಳಾಗಲಿಲ್ಲ.

ಆ ನಿಲ್ದಾಣದಿಂದ ಮುಂದೆ ಬಸ್ಸಿಗೆ ದಾರಿಯಿಲ್ಲ. ಬಸ್ಸಿನ ಸಮಯದ ಬೋರ್ಡು ತೂಗುಹಾಕಿದ ಒಂದು ತಗಡಿನ ತಂಗುದಾಣ, ಅರಣ್ಯ ಇಲಾಖೆಯ ಬಣ್ಣ ಹೋದ ಬೋರ್ಡು, ಅದರ ಪಕ್ಕದಿಂದ ಮೇಲೇರುವ ಕಾಲುದಾರಿ, ಇಷ್ಟೇ. ಭಾನುವಾರ ಬೆಳಿಗ್ಗೆ ಬೆನ್ನಿಗೆ ಚೀಲ ಕಟ್ಟಿಕೊಂಡು ಇಲ್ಲಿ ಇಳಿಯುವವರನ್ನು ಎಣಿಸಿ, ಸಂಜೆ ಹತ್ತುವವರನ್ನೂ ಎಣಿಸುವುದು ಅವಳಿಗೆ ತಾನಾಗಿ ಅಂಟಿದ ಅಭ್ಯಾಸ. ಯಾರೂ ಹೇಳಿಕೊಟ್ಟದ್ದಲ್ಲ. ಲೆಕ್ಕ ತಪ್ಪಿದ ದಿನ ಏನು ಮಾಡಬೇಕೆಂಬುದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.

ಬಾರದಿದ್ದ ಏಳನೆಯವರು ಕೆಂಪು ಕೊಡೆಯ ಹೆಂಗಸು. ಅರವತ್ತು ದಾಟಿದವರು, ಚೀಲ ಹೊಲಿಯುವ ಕಸುಬು. ಬೆಳಿಗ್ಗೆ ದಾರಿಯುದ್ದಕ್ಕೂ ಮಾತಾಡಿದ್ದರು. ಮಂಡಿ ಆಪರೇಷನ್ ಆಗಿ ವರ್ಷವಾಯಿತಂತೆ, ಈಗ ಮೊದಲ ಸಲ ಬೆಟ್ಟಕ್ಕೆ ಹೊರಟದ್ದಂತೆ. ಕೈಯಲ್ಲೊಂದು ತೆಳ್ಳನೆಯ ಪುಸ್ತಕವಿತ್ತು. ಸ್ವಂತ ಗಾಡಿ ಇಲ್ಲದವರು ಬಸ್ಸಿನಲ್ಲೇ ಹೋಗಿ ಬರಬಹುದಾದ ಕಾಲುದಾರಿಗಳ ಪಟ್ಟಿ, ಸಾರಿಗೆಯವರೇ ಅಚ್ಚು ಹಾಕಿಸಿದ್ದು. ಅದರಲ್ಲಿ ಸಂಜೆಯ ಕೊನೆಯ ಬಸ್ಸಿನ ಸಮಯಕ್ಕೆ ಪೆನ್ಸಿಲಿನಲ್ಲಿ ಎರಡೆರಡು ಗೆರೆ ಎಳೆದಿದ್ದರು.

“ಐದು ಐವತ್ತು. ಗ್ಯಾರಂಟಿ ತಾನೇ?” ಎಂದು ಇಳಿಯುವಾಗ ಕೇಳಿದ್ದರು. “ಬಸ್ಸು ತಪ್ಪಿದ್ರೆ ಗಾಡಿ ತಗೊಂಡು ಬರೋರು ನನಗೆ ಯಾರೂ ಇಲ್ಲಮ್ಮ.”

“ಬೋರ್ಡಲ್ಲೇ ಬರೆದಿದೆಯಲ್ಲಮ್ಮ,” ಎಂದಿದ್ದಳು ಕಂಡಕ್ಟರಮ್ಮ. ಮುಖ ನೋಡಿ ಹೇಳಲಾಗದೆ ಟಿಕೆಟ್ ಚೀಲದ ಜಿಪ್ಪಿನ ಜೊತೆ ಜಗಳವಾಡುತ್ತಾ ಹೇಳಿದ್ದಳು.

ಏಕೆಂದರೆ ಐದು ಐವತ್ತರ ಬಸ್ಸು ಐದು ಐವತ್ತಕ್ಕೆ ಹೊರಟು ಎರಡು ವರ್ಷವಾಗಿತ್ತು. ಡ್ರೈವರಣ್ಣ ಐದು ನಲವತ್ತಮೂರಕ್ಕೆ ಎಂಜಿನ್ ಚಾಲು ಮಾಡಿದರೆ ನಲವತ್ತನಾಲ್ಕಕ್ಕೆ ಬಸ್ಸು ತಿರುವಿನಲ್ಲಿ ಮಾಯ. ಡಿಪೋದಲ್ಲಿ ಅವನಿಗೆ ರಾಕೆಟ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಮಾರ್ಗಪತ್ರದ ಹೊರಡುವ ಸಮಯದ ಖಾನೆಯಲ್ಲಿ ಮಾತ್ರ ಕಂಡಕ್ಟರಮ್ಮ ದಿನವೂ ದುಂಡಗೆ ‘5.50’ ಎಂದು ಬರೆಯುತ್ತಿದ್ದಳು. ಹತ್ತುವವರು ಐದಕ್ಕೇ ಇಳಿದು ಬಂದಿರುತ್ತಾರೆ, ಖಾಲಿ ರಸ್ತೆ ಕಾಯುವುದೇತಕ್ಕೆ ಎಂದು ಮೊದಮೊದಲು ಸಮಾಧಾನ ಹೇಳಿಕೊಂಡಳು. ಆಮೇಲೆ ಆ ಸಮಾಧಾನವೂ ಬೇಕಾಗಲಿಲ್ಲ, ಕೈ ತಾನಾಗಿ ಬರೆಯುತ್ತಿತ್ತು.

ಗಡಿಯಾರ ಐದು ನಲವತ್ತಮೂರು ತೋರಿಸಿತು. ಎಂಜಿನ್ ಗುರ್ರೆಂದಿತು. ಕನ್ನಡಿಯಲ್ಲಿ ಡ್ರೈವರಣ್ಣನ ಕಣ್ಣು ಅವಳನ್ನು ಹುಡುಕಿತು. ಎರಡು ಬೆಲ್ ಹೊಡೆಯಬೇಕು, ಆಗ ಬಸ್ಸು ಹೊರಡುತ್ತದೆ. ಮೂವತ್ತು ವರ್ಷದ ನೌಕರಿಯಲ್ಲಿ ಎರಡು ಬೆಲ್ ಇಲ್ಲದೆ ಒಂದು ಅಡಿಯೂ ಗಾಡಿ ಎತ್ತಿದವನಲ್ಲ ಆತ. ಅದು ಅವನ ಹೆಮ್ಮೆ.

ಅವಳು ಬೆಲ್ಲಿನ ಹಗ್ಗದ ಕಡೆಗೆ ಕೈ ಎತ್ತಿದಳು. ಹಾಗೇ ಇಳಿಸಿದಳು.

“ಏನಮ್ಮಾ, ಬೆಲ್ಲು?”

“ಅಣ್ಣ, ಒಬ್ಬರು ಬರೋರಿದ್ದಾರೆ, ಕೆಂಪು ಕೊಡೆಯವರು.”

“ಬಂದಿರೋರು ಬಂದಾಯ್ತಲ್ಲ.”

“ಬೆಳಿಗ್ಗೆ ಏಳು ಜನ ಹೋದರು. ಈಗ ಆರೇ ಇದ್ದಾರೆ.”

ಮುಂದಿನ ಸೀಟಿನಲ್ಲಿ ಬೂಟಿನ ಮಣ್ಣು ಕೆರೆಯುತ್ತಿದ್ದ ದಪ್ಪ ಮೀಸೆಯವರು ತಲೆ ಎತ್ತಿದರು. “ಒಬ್ಬರಿಗೋಸ್ಕರ ಆರು ಜನ ಕಾಯ್ಬೇಕಾ? ನಾವೇನು ಇವರ ಮನೆ ಮದುವೆಗೆ ಬಂದಿದ್ದೀವಾ?”

ಹಿಂದಿನ ಸೀಟಿನ ಕಾಲೇಜು ಹುಡುಗಿ ಮೊಬೈಲ್ ನೋಡಿದಳು. “ಟೈಮೇ ಆಗಿಲ್ವಲ್ಲ ಅಂಕಲ್. ಇನ್ನೂ ಏಳು ನಿಮಿಷ ಇದೆ. ಕಾಯೋ ಮಾತೆಲ್ಲಿ ಬಂತು?”

ಮೀಸೆಯವರು ತಮ್ಮ ಗಡಿಯಾರ ನೋಡಿಕೊಂಡು ಮತ್ತೆ ಬೂಟು ಕೆರೆಯತೊಡಗಿದರು. ಡ್ರೈವರಣ್ಣ ಸೀಟಿನಿಂದ ಎದ್ದು ಹಿಂದೆ ಬಂದ. ಸಿಟ್ಟಿಗಿಂತ ಹೆಚ್ಚಾಗಿ ದಿಗಿಲಿತ್ತು ಆ ಮುಖದಲ್ಲಿ. ತಗ್ಗಿದ ದನಿಯಲ್ಲಿ ಹೇಳಿದ:

“ನಿನಗೆ ಗೊತ್ತಿಲ್ಲದ್ದೇನಿದೆ? ಈಗ ಹೊರಟ್ರೆ ಡಿಪೋದಲ್ಲಿ ತೊಳೆಯೋ ಸಾಲಿಗೆ ನಮ್ಮದೇ ಮೊದಲನೇ ಗಾಡಿ. ತಡ ಆದ್ರೆ ಮುಂದೆ ಮೂರು ಗಾಡಿ ನಿಂತಿರ್ತವೆ. ನಾನು ಮನೆ ಸೇರೋದು ಎಂಟಕ್ಕೆ. ನನ್ನ ಹೆಂಡತಿ ಏಳೂವರೆಗೆ ಆಸ್ಪತ್ರೆ ಡ್ಯೂಟಿಗೆ ಹೊರಡಲೇಬೇಕು. ಅಮ್ಮನ ಹತ್ರ ಯಾರಿರ್ತಾರೆ? ಹೋದ ತಿಂಗಳು ಒಂದು ಕಾಲು ಗಂಟೆ ಒಬ್ಬಳೇ ಇದ್ದಳು. ಗ್ಯಾಸ್ ತಿರುಗಿಸಿಟ್ಟು ಬೆಂಕಿಪೊಟ್ಟಣ ಹುಡುಕ್ತಾ ಇದ್ದಳು.”

ಅವಳಿಗೆ ಗೊತ್ತಿತ್ತು. ನೆನಪು ಕಳೆದುಕೊಂಡ ಆ ಮುದುಕಿಯನ್ನು ಅವಳು ಕಂಡಿದ್ದಳು. ಆ ಕಾರಣಕ್ಕೇ ಎರಡು ವರ್ಷ ಬಾಯಿ ಬಿಟ್ಟಿರಲಿಲ್ಲ. ಇವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎನಿಸಿತು.

“ತೊಳೆಯೋ ಸಾಲಲ್ಲಿ ನಾನು ನಿಲ್ತೀನಿ,” ಎಂದಳು. “ಟೋಕನ್ ಹಿಡಿದು ಕೊನೆಗೊಂದು ಸಹಿ ಹಾಕೋದು ತಾನೇ? ಗಾಡಿ ಸಾಲಿಗೆ ಬಿಟ್ಟು ನೀನು ಮನೆಗೆ ಓಡು, ಮುಂದೆ ತಗೊಳ್ಳೋಕೆ ಡಿಪೋದವರಿದ್ದಾರೆ.”

“ನಿನ್ನ ಕೆಲಸ ಅಲ್ಲ ಅದು.”

“ಸುಳ್ಳು ಟೈಮ್ ಬರೆಯೋದೂ ನನ್ನ ಕೆಲಸ ಅಲ್ಲ ಅಣ್ಣ.”

ಅಂದ ಮೇಲೆ ಅವಳಿಗೇ ಗಾಬರಿಯಾಯಿತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಯಿ ತೆರೆದ ಮೇಲೆ ಉಳಿದದ್ದನ್ನೂ ಹೇಳಿಬಿಡಬೇಕೆನಿಸಿತು.

“ಮೂರು ವಾರದ ಹಿಂದೆ ಒಬ್ಬರು ನಮ್ಮ ಬಸ್ಸಿನ ಹಿಂದೆ ಓಡಿ ಬಂದರು. ನಿನಗೆ ಕಾಣಲಿಲ್ಲ, ತಿರುವಿತ್ತು. ನನಗೆ ಹಿಂದಿನ ಗಾಜಿನಲ್ಲಿ ಕಂಡಿತು. ಹೆಗಲ ಮೇಲೆ ಪುಟ್ಟ ಮಗಳು. ಕೈ ಬೀಸ್ತಾ ಇದ್ದರು. ಒಂದು ಬೆಲ್ ಹೊಡೆದಿದ್ರೆ ನೀನು ನಿಲ್ಲಿಸ್ತಿದ್ದೆ. ನಾನು ಹೊಡೀಲಿಲ್ಲ.”

ಡ್ರೈವರಣ್ಣ ಹಿಂದಿನ ಗಾಜಿನ ಕಡೆ ತಿರುಗಿ ನೋಡಿದ.

“ಎರಡು ದಿನ ಬಿಟ್ಟು ಆ ಮನುಷ್ಯ ಬಸ್ ಸ್ಟ್ಯಾಂಡಿಗೆ ಬಂದರು. ಮಗಳನ್ನ ಹೊತ್ಕೊಂಡು ಹನ್ನೊಂದು ಕಿಲೋಮೀಟರು ನಡೆದರಂತೆ. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ‘ಐದು ಐವತ್ತರ ಬಸ್ಸು ಅವತ್ತು ಬೇಗ ಹೊರಟಿತ್ತಾ’ ಅಂತ ಕೇಳಿದರು. ನಾನು, ‘ಟೈಮಿಗೇ ಹೊರಟಿತ್ತು, ನೀವೇ ಲೇಟಾಗಿ ಬಂದಿರ್ಬೇಕು’ ಅಂದೆ. ಅವರು ನಂಬಿದರು ಅಣ್ಣ! ‘ನನ್ನ ವಾಚೇ ಕೆಟ್ಟಿರ್ಬೇಕು’ ಅಂತ ಹೇಳ್ಕೊಂಡು ಹೋದರು.”

ಅವತ್ತಿನಿಂದ ಅವಳಿಗೆ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಬಂದಿರಲಿಲ್ಲ. ಕೆಟ್ಟಿದ್ದು ಆ ಮನುಷ್ಯನ ಗಡಿಯಾರವಲ್ಲ ಎಂಬುದು ಈ ಜಗತ್ತಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಡ್ರೈವರಣ್ಣ ತಿರುಗಿ ಹೋಗಿ ತನ್ನ ಸೀಟಿನಲ್ಲಿ ಕೂತ. ಎಂಜಿನ್ ನಿಲ್ಲಿಸಲಿಲ್ಲ, ಬೆಲ್ ಎಂದು ಕೇಳಲೂ ಇಲ್ಲ. ಮನೆಗೆ ಫೋನು ಮಾಡಿದ. “ಅಮ್ಮ ಏನು ಮಾಡ್ತಿದ್ದಾಳೆ? ... ಹೂಂ. ... ಇಲ್ಲ, ಬರ್ತೀನಿ, ಏಳೂವರೆ ಒಳಗೆ ಬರ್ತೀನಿ” ಎಂಬಷ್ಟು ಅವಳಿಗೆ ಕೇಳಿಸಿತು.

ಐದು ನಲವತ್ತೇಳಾಯಿತು. ಕಾಲುದಾರಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಮರಗಳ ಕೆಳಗೆ ಆಗಲೇ ಕಪ್ಪು ಕವಿಯತೊಡಗಿತ್ತು. ಆ ಮಂಡಿಯಲ್ಲಿ ಜಾರಿ ಬಿದ್ದಿದ್ದರೆ? ದಾರಿ ತಪ್ಪಿದ್ದರೆ? ತಾನು ಇಲ್ಲಿ ಸುಮ್ಮನೆ ಹಗ್ಗ ಎಳೆಯದೆ ನಿಂತರೆ ಮೇಲೆ ಸಿಕ್ಕಿಬಿದ್ದವರಿಗೆ ಏನು ಬಂತು? ಕಂಡಕ್ಟರಮ್ಮ ಫುಟ್‌ಬೋರ್ಡಿನಿಂದ ಇಳಿದಳು, ನಾಲ್ಕು ಹೆಜ್ಜೆ ಹೋದಳು, ಮತ್ತೆ ಹತ್ತಿದಳು. ಕಾಲೇಜು ಹುಡುಗಿ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ ನೋಡುತ್ತಿದ್ದಳು. ಮೀಸೆಯವರು ಬೂಟು ಕೆರೆಯುವುದನ್ನು ಬಿಟ್ಟಿದ್ದರು. “ಮಧ್ಯಾಹ್ನ ಬಂಡೆ ಹತ್ರ ಕಂಡಿದ್ರು ಆಕೆ. ನನಗೆ ನೀರು ಕೊಟ್ರು,” ಎಂದು ಯಾರಿಗೂ ಅಲ್ಲದಂತೆ ಹೇಳಿದರು.

ಐದು ಐವತ್ತಾಯಿತು.

ಈಗ ಅವಳ ಬಳಿ ವಾದವೇ ಉಳಿದಿರಲಿಲ್ಲ. ಇಷ್ಟು ಹೊತ್ತು ಅವಳ ಬೆನ್ನಿಗೆ ನಿಂತಿದ್ದ ಬೋರ್ಡು ಈಗ ಹೊರಡು ಎನ್ನುತ್ತಿತ್ತು. ಮುಂದಿನ ಊರುಗಳಲ್ಲೂ ಜನ ಇದೇ ಬಸ್ಸಿಗೆ ಕಾಯುತ್ತಿರುತ್ತಾರೆ. ಅಲ್ಲೊಬ್ಬ ಮುದುಕಿ ಬೆಂಕಿಪೊಟ್ಟಣ ಹುಡುಕುತ್ತಿರಬಹುದು. ಅವಳು ಹಗ್ಗ ಹಿಡಿದು ಒಂದು ಬೆಲ್ ಹೊಡೆದಳು. ಎರಡನೆಯದಕ್ಕೆ ಕೈ ಬಾರಲಿಲ್ಲ. ಕಣ್ಣು ಮುಚ್ಚಿ ಎಳೆಯಲು ಹೊರಟಳು.

ಅಷ್ಟರಲ್ಲಿ ಎಂಜಿನ್ ನಿಂತಿತು.

“ತಡಿ,” ಎಂದ ಡ್ರೈವರಣ್ಣ. ಅವನ ಕಣ್ಣು ಪಕ್ಕದ ಕನ್ನಡಿಯ ಮೇಲಿತ್ತು. “ಕೆಂಪು ಕೊಡೆ ಅಂದಿದ್ಯಲ್ಲ?”

ಮೇಲಿನ ತಿರುವಿನಲ್ಲಿ ಕೊಡೆಯನ್ನು ಊರುಗೋಲು ಮಾಡಿಕೊಂಡು ಆಕೆ ಕುಂಟುತ್ತಾ ಓಡಿ ಬರುತ್ತಿದ್ದರು. ಓಟವೆಂದರೆ ಓಟವೇ ಅಲ್ಲ, ಓಡುವ ಆಸೆ ಅಷ್ಟೇ.

“ಓಡಬೇಡಿ ಅಂತ ಹೇಳಮ್ಮ!” ಡ್ರೈವರಣ್ಣ ಕೂಗಿದ. “ಬಿದ್ದುಗಿದ್ದಾರು! ಎಲ್ಲಿಗೂ ಹೋಗಲ್ಲ ಅಂತ ಹೇಳು!”

ಮೀಸೆಯವರು ಕೆಳಗಿಳಿದು ಎದುರು ಹೋಗಿ ಚೀಲ ಇಸಿದುಕೊಂಡರು. ಆಕೆ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದರು, ಮುಖ ಬೆವರಿನಲ್ಲಿ ತೊಯ್ದಿತ್ತು.

“ಇಳಿಯುವಾಗ ಮಂಡಿ ಹಿಡ್ಕೊಂಡ್‌ಬಿಡ್ತು. ಲೇಟಾಯ್ತಾ? ಪುಸ್ತಕದಲ್ಲಿ ಐದು ಐವತ್ತು ಅಂತಿತ್ತು... ನನ್ನ ವಾಚು ಹಿಂದೆ ಇದೆಯೋ ಏನೋ.”

ಉತ್ತರ ಕೊಟ್ಟವನು ಡ್ರೈವರಣ್ಣ, ಕನ್ನಡಿ ನೋಡುತ್ತಲೇ.

“ನಿಮ್ಮ ವಾಚಿಗೇನೂ ಆಗಿಲ್ಲಮ್ಮ. ನಮ್ಮದೇ ಸ್ವಲ್ಪ ಮುಂದೆ ಓಡ್ತಿತ್ತು. ಕೂತ್ಕೊಳ್ಳಿ.”

ಅವಳು ಎರಡು ಬೆಲ್ ಹೊಡೆದಳು.

ಡಿಪೋ ಸೇರಿದಾಗ ತೊಳೆಯುವ ಸಾಲಿನಲ್ಲಿ ಮುಂದೆ ಮೂರು ಗಾಡಿಗಳಿದ್ದವು. ಡ್ರೈವರಣ್ಣ ಟೋಕನ್ ಅವಳ ಕೈಗಿಟ್ಟು ಗೇಟಿನ ಕಡೆಗೆ ಓಡಿದ. ಅವಳು ಮಾರ್ಗಪತ್ರವನ್ನು ಕಿಟಕಿಯೊಳಗೆ ಕೊಟ್ಟಳು. ಒಳಗಿದ್ದ ಗುಮಾಸ್ತ ಕನ್ನಡಕ ಏರಿಸಿಕೊಂಡ.

“ಇದೇನಮ್ಮ, ಐದು ಐವತ್ತಮೂರು? ಎರಡು ವರ್ಷದಿಂದ ಒಂದು ದಿನವೂ ಒಂದು ನಿಮಿಷ ಆಚೀಚೆ ಇಲ್ಲ ನಿಮ್ಮ ಗಾಡಿ. ಇವತ್ತೇನು ತಪ್ಪಾಯ್ತು?”

ಅವಳು ಟೋಕನ್ನನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ನಾಳೆ ಯಾರು ಕರೆದು ಏನು ಕೇಳುತ್ತಾರೋ, ಹೆದರಿಕೆ ಇದ್ದೇ ಇತ್ತು.

“ತಪ್ಪಿದ್ದು ಇವತ್ತಲ್ಲ ಸಾರ್,” ಎಂದಳು. “ಇವತ್ತೊಂದೇ ಸರಿಯಾಗಿ ಬರೆದಿರೋದು.”