ಎಡಕ್ಕೆ ಬಾಗಿದ ಮೊಳೆಗಳು

ಮೊಳೆ ಬರಲೊಲ್ಲದು. ಅಯ್ಯೂಬ ಹಾರೆಯ ಮೇಲೆ ಮೈಭಾರವನ್ನೆಲ್ಲ ಹಾಕಿ ಒತ್ತಿದ. ಹಲಗೆ ಕಿರ್ರೆಂದಿತೇ ಹೊರತು ದೋಣಿಯನ್ನು ಬಿಟ್ಟು ಮೇಲೇಳಲಿಲ್ಲ. ಮನೆಯೊಳಗೆ ಅವನ ಅಣ್ಣ ಮಲಂಗಸಾಬನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ಆ ಅಣ್ಣ ಮೂರು ವರ್ಷ ಕೂತು ಜೋಡಿಸಿದ ದೋಣಿಯನ್ನು ಹಿತ್ತಲಲ್ಲಿ ಬೋರಲು ಹಾಕಿಕೊಂಡು ತಮ್ಮ ಮುರಿಯುತ್ತಿದ್ದ.

"ಎಷ್ಟ ಬಿಗಿ ಬಡದಾರಪಾ ಈ ಮೊಳಿ" ಎಂದು ನೆರೆಮನೆಯ ಶಫೀಕ ಬೆವರು ಒರೆಸಿಕೊಂಡ.

ಎದುರಿಗೆ ಕಲ್ಲಿನ ಮೇಲೆ ಸಕ್ರಪ್ಪ ಕುಳಿತಿದ್ದ. ಸೇತುವೆ ಆಗುವ ಮೊದಲು ಕೊರ್ಲಹಳ್ಳಿಯ ದೋಣಿ ನಡೆಸುತ್ತಿದ್ದವನು ಇವನೇ. ಈಗ ಊರ ಹಿರಿಯ. ಮದುವೆಯಿರಲಿ, ಮಣ್ಣಿರಲಿ, ಎಲ್ಲರಿಗಿಂತ ಮೊದಲು ಬಂದು ಕೂಡುವವನು. ಗೋರಿಯಲ್ಲಿ ಹೆಣದ ಮೇಲೆ ಮಣ್ಣು ಬೀಳದಂತೆ ಅಡ್ಡ ಹಾಸಲು ಪರಶಿಕಲ್ಲು ಬೇಕಿತ್ತು. ಕಲ್ಲಿನ ಟ್ರ್ಯಾಕ್ಟರ್ ಮುಂಡರಗಿಯಲ್ಲಿ ಕೆಟ್ಟು ನಿಂತಿದೆ ಎಂದು ಮಧ್ಯಾಹ್ನ ಖಬರ ಬಂದಾಗ ದಾರಿ ತೋರಿದವನೂ ಅವನೇ. ಹಿತ್ತಲಲ್ಲಿ ಇಷ್ಟು ಚಲೋ ಹಲಗೆ ಇಟ್ಟುಕೊಂಡು ಕಲ್ಲಿನ ಹಾದಿ ಯಾಕೆ ಕಾಯುತ್ತೀರಿ ಅಂದಿದ್ದ.

ಮಲಂಗಸಾಬನ ಹೆಂಡತಿ ಹಸೀನಾಬಿ ಒಳಗಿನಿಂದ ಹೇಳಿ ಕಳಿಸಿದ್ದಳು, ಶುಕ್ರವಾರ ಹೊಳೆಗೆ ಇಳಿಸಬೇಕಾದ ದೋಣಿ ಅದು, ಇನ್ನು ಎರಡೇ ದಿನ, ಮುಟ್ಟಬೇಡಿ ಎಂದು. ಅಯ್ಯೂಬ ಬಂದು ಅವಳ ಮುಂದೆ ನಿಂತಿದ್ದ.

"ಭಾಬಿ, ಸತ್ತವರನ್ನ ಕಾಯಿಸಬಾರದು. ಇನ್ನ ಆ ದೋಣಿ ನಡಸಾವ್ರು ಯಾರು?"

ಅವನ ಮಾತಿನಲ್ಲಿ ತಪ್ಪೇನಿತ್ತು? ಅವಳು ಒಳಕ್ಕೆ ತಿರುಗಿದ್ದಳು. ಆರನೇ ಹಲಗೆ ಎದ್ದ ಕೂಡಲೇ ಸಕ್ರಪ್ಪ ಕೈ ಎತ್ತಿ, ಸಾಕು ಬಿಡ್ರಪಾ, ಇಷ್ಟು ಕೊಯ್ದರೆ ಆಗುತ್ತದೆ ಅಂದ. ಅಯ್ಯೂಬನಿಗೂ ಅಷ್ಟೇ ಬೇಕಿತ್ತು. ಹಾರೆಯನ್ನು ಅಲ್ಲೇ ಒಗೆದು ಕೈ ತೊಳೆಯಲು ಹೋದ.

*

ನಲವತ್ತು ವರ್ಷದ ಹಿಂದೆ ನಡುಹೊಳೆಯಲ್ಲಿ ದೋಣಿ ಮುಳುಗಿ ಮೂವರು ಸತ್ತರು. ಈಜಿ ದಂಡೆಗೆ ಬಂದ ಸಕ್ರಪ್ಪ, ಬಡಿಗ್ಯಾನ ಮೊಳೆ ಕಿತ್ತು ಬಂದವು ಎಂದು ನೆರೆದ ಮಂದಿಗೆ ಹೇಳಿದ. ಆ ಬಡಿಗ ಮಲಂಗಸಾಬನ ತಂದೆ. ಎಡಗೈಯಲ್ಲಿ ಸುತ್ತಿಗೆ ಹಿಡಿಯುತ್ತಿದ್ದ. ಎಡಚನ ಕೈಲಿ ದೋಣಿ ಮಾಡಿಸಿದ್ದೇ ತಪ್ಪಾಯಿತು ಎಂದು ಊರು ತೀರ್ಮಾನಿಸಿತು. ಊರಿಗೇನು, ಬಾಯಿ ಇತ್ತು, ಆಡಿತು. ಆಮೇಲೆ ಅವನಿಗೆ ಒಂದು ಕುಂಟೆಯ ಕೆಲಸವೂ ಬರಲಿಲ್ಲ. ಆ ಕೊರಗಿನಲ್ಲೇ ಸತ್ತ. ಮಗ ಮಂಚ, ಬಾಗಿಲು ಮಾಡಿಕೊಂಡು ಬದುಕಿದ. ಅವನು ಮಾಡಿದ ಮಂಚ ಸ್ವಲ್ಪ ಸದ್ದು ಮಾಡಿದರೂ, ಅಪ್ಪನ ಕೈ ಬಂದೈತಿ ಅನ್ನುತ್ತಿದ್ದರು.

ಮೂರು ವರ್ಷದ ಹಿಂದೆ ಬೆಳ್ಳಟ್ಟಿಯಲ್ಲಿ ಒಬ್ಬರ ಮನೆಯ ಬಾಗಿಲು ಕೂಡಿಸಲು ಹೋದವನು ದನದ ಕೊಟ್ಟಿಗೆಯಲ್ಲಿ ಹಳೆಯ ದೋಣಿಯೊಂದನ್ನು ಕಂಡ. ಹೊಳೆಯಲ್ಲಿ ತೇಲಿ ಹೋದದ್ದು ಯಾರ ಯಾರದೋ ಕೈ ದಾಟಿ ಅಲ್ಲಿಗೆ ಬಂದು, ಎತ್ತುಗಳು ಮೇವು ತಿನ್ನುವ ಗೋದಲಿಯಾಗಿತ್ತು. ಮೇವು ಸರಿಸಿ ಒಳಗೆ ಕೈಯಾಡಿಸಿದ. ಹೊರಗಿನಿಂದ ಹೊಡೆದ ಮೊಳೆಯ ಮೊನೆಯನ್ನು ಒಳಗೆ ಬಡಿದು ಬಾಗಿಸುತ್ತಾರೆ. ಇಲ್ಲಿ ಒಂದೊಂದು ಮೊನೆಯೂ ಎಡಕ್ಕೆ ಬಾಗಿತ್ತು, ಅಪ್ಪನ ಎಡಗೈಯ ಏಟಿಗೆ. ಅವನು ಸೆಗಣಿಯಲ್ಲೇ ಕುಕ್ಕರಿಸಿ ಅತ್ತ. ಇವನಿಗೆ ತಲೆ ಕೆಟ್ಟಿರಬೇಕೆಂದು ಆ ಮನೆಯವರು ಅಂದುಕೊಂಡರು. ಎರಡು ಬಾಗಿಲು ಬಿಟ್ಟಿ ಮಾಡಿಕೊಟ್ಟು ಗೋದಲಿಯನ್ನು ಚಕ್ಕಡಿಯಲ್ಲಿ ತಂದ.

ಹೊಸ ಸಾಮಾನು ಕೊಳ್ಳುವ ಶಕ್ತಿ ಎಲ್ಲಿತ್ತು? ಹಳೆಯ ಗಾದಿ ಹರಿದು ಅದರ ಅರಳೆಯನ್ನು ಸಂದುಗಳಿಗೆ ತುರುಕಿದ. ರಸ್ತೆ ಕೆಲಸದವರು ಬಿಸಾಕಿದ ಡಬ್ಬಿ ಕೆರೆದು ಡಾಂಬರು ತಂದ. ಒಂದು ಹಲಗೆ ಒಡೆದು ತೂತಾಗಿತ್ತು. ಅದರ ಜಾಗಕ್ಕೆ ತನ್ನ ಮನೆಯ ಹಿತ್ತಲ ಬಾಗಿಲನ್ನೇ ಕಿತ್ತು ಕೊಯ್ದ. ಅಂದಿನಿಂದ ಹಸೀನಾಬಿಗೆ ಹಿತ್ತಲ ಬಾಗಿಲೆಂದರೆ ಒಂದು ಗೋಣಿ ಪರದೆ. ಅವಳು ಬೈದಳು. ಬೈದು, ಅರಳೆ ಹಿಂಜಿಕೊಡಲು ಕುಳಿತಳು.

ಒಡೆದ ಹಲಗೆಯನ್ನು ಅವಳ ತೊಡೆಯ ಮೇಲಿಟ್ಟು ಅವನು ಮುಷ್ಟಿಯಷ್ಟು ತೂತಿನ ಸುತ್ತ ಅವಳ ಬೆರಳು ಹಿಡಿದು ಆಡಿಸಿದ.

"ನೋಡು, ಸಿಬರು ಒಳಮುಖ ಐತಿ. ಹೊರಗಿಂದ ಕಲ್ಲ ಬಡದೈತಿ. ನಮ್ಮ ಅಬ್ಬಾನ ಮೊಳಿ ಒಂದೂ ಅಲಗ್ಯಾಡಿಲ್ಲ."

ಆ ಕಲ್ಲು ಹೊಳೆಯಲ್ಲಿ ಎಲ್ಲಿದೆ ಎಂಬುದು ದೋಣಿಯವನಿಗೆ ಗೊತ್ತಿರದೆ ಇರುತ್ತದೆಯೇ? ಆವತ್ತು ಸಕ್ರಪ್ಪ ಕುಡಿದಿದ್ದ. ಹಲಗೆಯನ್ನು ಊರ ಮುಂದಿಟ್ಟು ಅದೇ ದೋಣಿಯನ್ನು ನೀರಿಗಿಳಿಸಿದರೆ ಸತ್ತ ತಂದೆಯ ಹೆಸರು ತೊಳೆದಂತಾಗುತ್ತದೆ ಎಂದು ಮಲಂಗಸಾಬ ಲೆಕ್ಕ ಹಾಕಿದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಪುಣ್ಯಾತ್ಮ, ಎಂಟು ದಿನ ಮೊದಲೇ ಸಕ್ರಪ್ಪನ ಮನೆಗೆ ಹೋಗಿ ಎಲ್ಲ ಹೇಳಿದ. ಹಿರಿಯರು, ತಾವೇ ಒಪ್ಪಿಕೊಂಡರೆ ತಮ್ಮ ಮರ್ಯಾದೆ ಉಳಿಯುತ್ತದೆ ಅಂದ. ಸಕ್ರಪ್ಪ ಚಹಾ ಕುಡಿಸಿ ಕಳಿಸಿದ.

ಬುಧವಾರ ಬೆಳಿಗ್ಗೆ ಕೊನೆಯ ಸಲ ಡಾಂಬರು ಕಾಸುತ್ತಿದ್ದ ಮಲಂಗಸಾಬ ಎದೆ ಹಿಡಿದುಕೊಂಡು ಕುಳಿತ. ಮತ್ತೆ ಏಳಲಿಲ್ಲ.

*

ಹೆಣ ಎತ್ತಿಕೊಂಡು ಹೋಗಿ ಬಹಳ ಹೊತ್ತಾಗಿರಲಿಲ್ಲ. ಗಂಡ ಸತ್ತವಳು ಹೊಸ್ತಿಲು ದಾಟುವಂತಿಲ್ಲ. ಹಸೀನಾಬಿ ಹಿಟ್ಟಿನ ಡಬ್ಬಿಯ ಹಿಂದೆ ಚಾದರ ಸುತ್ತಿ ಇಟ್ಟ ಒಡೆದ ಹಲಗೆಗೆ ಬೆನ್ನು ಕೊಟ್ಟು ಕುಳಿತಿದ್ದಳು. ದೋಣಿ ಹೋದರೂ ಇದೊಂದು ಉಳಿಯಿತಲ್ಲ, ಶುಕ್ರವಾರ ಅಯ್ಯೂಬನ ಕೈಯಲ್ಲಿ ಕೊಟ್ಟು ಮಸೀದಿಯ ಮುಂದೆ ಇಡಿಸುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದಳು.

ಮುಂಬಾಗಿಲಿಗೆ ಸಕ್ರಪ್ಪ ಒಬ್ಬನೇ ಬಂದು ನಿಂತ.

"ಒಂದ ಹಲಗಿ ಕಡಿಮಿ ಬಿತ್ತು, ತಂಗಿ. ಅಯ್ಯೂಬ ಗೋರ್‍ಯಾಗ ಇಳದಾನ. ಮಲಂಗನ ಮಾರಿ ಮ್ಯಾಲ ಅಷ್ಟ ತೆರವು ಉಳದೈತಿ."

"ದೋಣ್ಯಾಗ ಇಲ್ಲೇನ್ರಿ?"

"ಎಲ್ಲಾ ಕಿತ್ತಾತು. ನಿನ್ನ ಹತ್ರ ಒಂದೈತೆಲ್ಲ, ಅದನ್ನ ಕೊಡು."

ಅವಳು ಅವನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ.

"ಅದು ಯಾವ ಹಲಗಿ ಅಂತ ನಿಮಗ ಗೊತ್ತೈತ್ರಿ."

"ಗೊತ್ತೈತಿ. ಇಟ್ಕೊಳ್ಳೂದಿದ್ರ ಇಟ್ಕೊ. ಮಣ್ಣು ಅವನ ಬಾಯಾಗ ಬೀಳತೈತಿ, ಅಷ್ಟ."

ತೂತು ಇದೆಯಲ್ಲ ಎಂದು ಅವಳು ಸೋತ ದನಿಯಲ್ಲಿ ಕೇಳಿದಳು. ಅದಕ್ಕೆ ಹುಲ್ಲು ತುರುಕಿದರಾಯಿತು ಅಂದ. ಮೂವತ್ತು ವರ್ಷ ತನ್ನ ಮಗ್ಗುಲಲ್ಲಿ ಮಲಗಿದವನ ಮುಖದ ಮೇಲೆ ಮಣ್ಣು ಸುರಿಯುವುದು ಅವಳ ಕಣ್ಣಿಗೆ ಕಟ್ಟಿತು. ಎದ್ದು ಹಲಗೆ ತಂದಳು. ಚಾದರ ಬಿಚ್ಚಿ ಎರಡೂ ಕೈಯಲ್ಲಿ ಕೊಟ್ಟಳು. ಸಕ್ರಪ್ಪ ಅದನ್ನು ಕಂಕುಳಲ್ಲಿ ಇರುಕಿಕೊಂಡು ಜಲ್ದಿ ಜಲ್ದಿ ನಡೆದ.

ಮಣ್ಣು ಮಾಡಿ ಬಂದವರಿಗೆ ಕೈಕಾಲಿಗೆ ನೀರು ಕೊಡಬೇಕೆಂದು ಅವಳು ಕೊಡ ತುಂಬಿ ಹಿತ್ತಲ ಕಡೆ ಬಂದಳು. ಗೋಣಿ ಪರದೆ ಎತ್ತಿದಳು.

ಬೋರಲು ಬಿದ್ದ ದೋಣಿಯ ಎಲುಬುಗಳ ಮೇಲೆ ಒಂದು ಹಲಗೆ ಹಾಗೇ ಇತ್ತು. ಹಾರೆ ಮುಟ್ಟಿದ ಗುರುತೂ ಇರಲಿಲ್ಲ. ಅದರ ತುದಿಯಲ್ಲಿ ಚಿಲಕದ ತೂತು. ಅವಳ ಬಾಗಿಲ ಹಲಗೆ.

ಗೋರಸ್ಥಾನದಿಂದ ಮಂದಿ ಮರಳಿ ಬಂದರು. ಮುಂದೆ ಸಕ್ರಪ್ಪ. ದಣಿದಿದ್ದ. ಆ ಹಲಗೆಯ ಮೇಲೇ ಕುಳಿತು, ಮಣ್ಣು ಮೆತ್ತಿದ ಎರಡೂ ಕೈಗಳನ್ನು ನೀರಿಗಾಗಿ ಅವಳ ಮುಂದೆ ಚಾಚಿದ.