ಮುಲ್ಲಾನ ಪಾಲು

ದೇವರ ಹೆಸರು ಹೇಳದೆ ಜೀವ ತೆಗೆಯಬಾರದು, ಹೆಸರು ಹೇಳಿದವನ ಪಾಲು ಕೊಡದೆ ಒಲೆ ಹೊತ್ತಿಸಬಾರದು. ಮೇಲವಂಕಿಯಲ್ಲಿ ಇದು ಹಿರಿಯರ ಕಾಲದಿಂದ ನಡೆದುಬಂದ ಕಟ್ಟಳೆ. ಕುರಿ ಕುರುಬರದಿರಲಿ, ಮರಾಠರದಿರಲಿ, ಕೇರಿಯವರದಿರಲಿ, ಮುಲ್ಲಾ ಲಾಡಸಾಬ ಬಂದು ಅಲ್ಲಾನ ಹೆಸರು ಹೇಳಿ ಕತ್ತಿ ಆಡಿಸಬೇಕು. ಅವನ ಪಾಲು ಅವನ ಮನೆ ಮುಟ್ಟಬೇಕು. ಉಳಿದವರ ಊಟ ಆಮೇಲೆ. ಜೀವ ಕೊಟ್ಟವನು ಒಬ್ಬನೇ, ಅವನನ್ನು ಯಾವ ಬಾಯಿಂದ ಕರೆದರೇನು ಎಂದು ನಂಬಿದ ಊರು ಅದು.

ಆ ಊರ ಕೇರಿಯ ಹನಮಂತ ಮತ್ತು ಅವನ ಹೆಂಡತಿ ಕರೆವ್ವ, ಐದನೇ ಜಾರ್ಜ್ ಬಾದಶಹ ತೀರಿಹೋದ ವರ್ಷ, ಗೋಕಾಕ ರೋಡ್ ಟೇಸನ್ನಿನಲ್ಲಿ ರೈಲು ಹತ್ತಿ ಮುಂಬಯಿಗೆ ಹೋದರು. ಮಗಳು ಗುಡ್ಡವ್ವನಿಗೆ ಮೂಡಲಗಿಯ ಕೇದಾರಿಯ ಸಂಬಂಧ ಬಂದಿತ್ತು. ಹುಡುಗ ಮುಂಬಯಿಯ ಬಂದರಿನಲ್ಲಿ ಹಡಗಿನ ಮಾಲು ಇಳಿಸುವ ಹಮಾಲರಿಗೆ ಕೆಲಸ ಹಂಚುವ ಮುಕಾದಮನಾಗಿದ್ದ. ಹೆಣ್ಣಿನವರು ಹೋಗಿ ಗಂಡಿನ ಮನೆ ನೋಡಬೇಕು, ಮನಸ್ಸಿಗೆ ಬಂದರೆ ಅಲ್ಲಿ ಉಣ್ಣಬೇಕು. ಉಂಡರೆ ಮಾತು ಕೊಟ್ಟಂತೆ. ಉಂಡು ಮಾತು ಮುರಿದವರಿಗೆ ಪಂಚರ ಮುಂದೆ ತಲೆ ಎತ್ತಲು ಬರುತ್ತಿರಲಿಲ್ಲ.

ಕೇದಾರಿಯ ಮನೆಯೆಂದರೆ ಹಲವು ಗಂಡಸರು ಸಾಲಾಗಿ ಹಾಸಿಕೊಂಡು ಮಲಗುವ ಒಂದು ಖೋಲಿ. ಕರೆವ್ವ ಬಾಗಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿದಳು.

“ಒಲಿ ಎಲ್ಲೈತೋ ತಮ್ಮಾ?”

“ಒಲಿ ಯಾಕ ಬೇಕ್ರಿ ಅತ್ತಿ? ಗುಡ್ಡವ್ವ ಬಂದ ದಿನ ಬ್ಯಾರೆ ಖೋಲಿ ಮಾಡ್ತೇನಿ, ಒಲಿ ಹೂಡ್ತೇನಿ. ಇವತ್ತ ಖಾನಾವಳಿಗೆ ಹೋಗೂನು ಬರ್ರಿ. ಅದ ನನ್ನ ಅಡಗಿಮನಿ ಅಂತ ತಿಳೀರಿ. ಸಾಬರ ಖಾನಾವಳಿ, ಎಲ್ಲಾ ಹಲಾಲ.”

“ಹಲಾಲ ಇದ್ರ ಚಿಂತಿಲ್ಲ ಬಿಡು,” ಎಂದ ಹನಮಂತ. ಮುಲ್ಲಾ ಕೊಯ್ಯದ ಮಾಂಸ ಅವನ ಗಂಟಲಲ್ಲಿ ಎಂದೂ ಇಳಿದಿರಲಿಲ್ಲ.

ಖಾನಾವಳಿಯ ಮುಂದೆ ಹನಮಂತ ಕಾಲ ಕೆರ ಬಿಟ್ಟು ಹೊಸ್ತಿಲ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ಗೋಕಾಕದ ಚಹಾದಂಗಡಿಯಲ್ಲಿ ಅವನ ಜಾಗ ಅದೇ. ಅಲ್ಲಿ ಅವನ ಕೇರಿಯವರ ಕಪ್ಪು ಹೊರಗಿನ ಗೂಟಕ್ಕೆ ತೂಗುತ್ತಿತ್ತು. ಕುಡಿದವನು ತೊಳೆದು ಮತ್ತೆ ಗೂಟಕ್ಕೇ ಹಾಕಬೇಕು.

“ಒಳಗ ಬರ್ರಿ ಮಾಮಾ. ಬಾಗಲಾ ಕಾಯಾಕ ಬಂದೀರೇನು?” ಕೇದಾರಿ ನಕ್ಕ. “ಇಲ್ಲಿ ಯಾರೂ ಏನೂ ಕೇಳಾಂಗಿಲ್ಲ.”

ಕೇಳಲಿಲ್ಲ, ಅದು ಖರೆ. ಉದ್ದನೆಯ ಮರದ ಬಾಕಿನ ತುದಿಗೆ ಕುಳಿತ ಹನಮಂತನ ಮುಂದೆ ನೀಲಿ ಅಂಚಿನ ಪಿಂಗಾಣಿ ತಟ್ಟೆ ಬಂತು. ಎದುರಿನ ಮೇಜಿನ ಅತ್ತರಿನ ವ್ಯಾಪಾರಿಗೂ ಅಂಥದೇ ತಟ್ಟೆ. ಹನಮಂತ ಅದರ ಅಂಚನ್ನು ಬೆರಳಿನಿಂದ ಒಮ್ಮೆ ಸವರಿ ನೋಡಿದ. ತಂದೂರಿನ ರೊಟ್ಟಿ, ಕೆಂಪು ರಸದಲ್ಲಿ ತೇಲುವ ಮಾಂಸ. ಬಡಿಸುವವನು ಮೇಲಿನಿಂದ ಸುರಿಯಲಿಲ್ಲ, ಮೈ ಬಗ್ಗಿಸಿ ನೀಡಿದ.

“ಮೊದಲ ನೀವು ಉಣ್ರಿ ಅತ್ತಿ,” ಎಂದ ಕೇದಾರಿ. ಕರೆವ್ವ ದೇವರನ್ನು ನೆನೆದು, ಮಾಂಸ ಮುಟ್ಟದೆ, ಬರಿ ರೊಟ್ಟಿಯ ತುತ್ತು ಬಾಯಿಗಿಟ್ಟಳು. “ಆತಲ್ಲ! ಇನ್ನ ನೀವು ನನ್ನ ಅತ್ತಿ ಖರೆ.” ಅವನು ತೊಡೆ ತಟ್ಟಿಕೊಂಡು ನಕ್ಕ.

ಹನಮಂತ ಇನ್ನೂ ಉಂಡಿರಲಿಲ್ಲ. ಮುಟ್ಟದ ತಟ್ಟೆಯಿಂದ ಒಳ್ಳೆಯ ತುಂಡೊಂದನ್ನು ಆರಿಸಿ ರೊಟ್ಟಿಯ ಮೇಲಿಟ್ಟುಕೊಂಡು ಎದ್ದ. ಇಲ್ಲಿ ಕೊಯ್ದದ್ದನ್ನು ಅವನು ಕಂಡಿರಲಿಲ್ಲ, ಪಾಲು ಹೋದದ್ದನ್ನೂ ಕಂಡಿರಲಿಲ್ಲ. ಕಾಣದೆ ಹೇಗೆ ಉಂಡಾನು? ಬಾಕಿನ ಮೇಲೆ ಕೂರಿಸಿ ಉಣಬಡಿಸಿದ ಜಾಗದಲ್ಲಿ ಧರ್ಮ ತಪ್ಪಲು ಅವನ ಮನಸ್ಸು ಒಪ್ಪಲಿಲ್ಲ. ರೊಕ್ಕದ ಗಲ್ಲೆಯ ಮೇಲೆ ಕುಳಿತ ಮಾಲಕನ ಮುಂದೆ ಹೋಗಿ ಎರಡೂ ಕೈಯಿಂದ ರೊಟ್ಟಿ ಚಾಚಿದ.

“ಇದು ನಿಮ್ಮ ಮುಲ್ಲಾಂದ್ರಿ. ಮುಲ್ಲಾ ಎಲ್ಲದಾರ್ರಿ?”

ಮಾಲಕನಿಗೆ ಕನ್ನಡ ಬಾರದು. ಅವನು ಕಂಡದ್ದು ಇಷ್ಟೇ: ಗಿರಾಕಿಯೊಬ್ಬ ಮಾಂಸ ಹಿಂದಕ್ಕೆ ತಂದಿದ್ದಾನೆ, ತುಂಬಿದ ಖಾನಾವಳಿಯಲ್ಲಿ ‘ಮುಲ್ಲಾ, ಮುಲ್ಲಾ’ ಎನ್ನುತ್ತಿದ್ದಾನೆ. ಇದನ್ನು ಯಾವ ಮುಲ್ಲಾ ಕೊಯ್ದ ಎಂದು ಕೇಳುತ್ತಿದ್ದಾನೆಂದು ತಿಳಿದ. ಉಣ್ಣುತ್ತಿದ್ದವರ ಕೈಗಳು ನಿಂತವು. ಮಾಲಕ ಕೆಂಪಾದ. ನನ್ನ ಅನ್ನವನ್ನು ಹರಾಮ ಅನ್ನುತ್ತೀಯಾ ಎಂದು ಹಿಂದುಸ್ತಾನಿಯಲ್ಲಿ ಕೂಗಿ ಆ ಕೈಗಳ ಮೇಲೆ ಹೊಡೆದ. ರೊಟ್ಟಿಯೂ ತುಂಡೂ ನೆಲಕ್ಕೆ ಬಿದ್ದವು.

ಹನಮಂತ ತಿರುಗಿ ಕೇದಾರಿಯನ್ನು ನೋಡಿದ. ಒಂದು ಮಾತು ಸಾಕಿತ್ತು. ಕೇದಾರಿ ಬೆಳೆದ ಊರಲ್ಲೂ ಮುಲ್ಲಾನಿದ್ದ, ಪಾಲೂ ಇತ್ತು. ಹಿಂದುಸ್ತಾನಿಯಂತೂ ಅವನ ನಾಲಿಗೆಯ ಮೇಲೆ ಕುಣಿಯುತ್ತಿತ್ತು. ಆದರೆ ಪಕ್ಕದ ಮೇಜಿನಲ್ಲಿ ಅವನ ಕೈಕೆಳಗಿನ ಹಮಾಲರು ಕುಳಿತು ನೋಡುತ್ತಿದ್ದರು.

“ಇವರು ನಿನ್ನವರೇನು?” ಎಂದು ಮಾಲಕ ಕೇಳಿದ.

“ನನ್ನವರಲ್ಲ ಸೇಠ್,” ಎಂದ ಕೇದಾರಿ ಅದೇ ಭಾಷೆಯಲ್ಲಿ, ನಗುತ್ತ. “ಟೇಸನ್ನಿನಲ್ಲಿ ಹಸಿದು ಕೂತಿದ್ದರು. ಕಾಡು ಜನ. ಪುಣ್ಯ ಬರಲಿ ಅಂತ ಕರೆತಂದೆ.”

ಹಮಾಲರು ನಕ್ಕರು. ಕರೆವ್ವನಿಗೆ ಆ ಭಾಷೆ ತಿಳಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಸಣ್ಣವಳಿದ್ದಾಗಿನಿಂದ ಲಾಡಸಾಬನ ಮನೆಯ ಅಂಗಳ ಗುಡಿಸಿದವಳು, ಅವನ ತಂಗಿಯರೊಡನೆ ಅದೇ ಭಾಷೆಯಲ್ಲಿ ಆಡಿ ಬೆಳೆದವಳು.

ಅವಳು ಎದ್ದಳು. ಮಾಲಕನೆದುರು ನಿಂತು ಅವನ ಭಾಷೆಯಲ್ಲೇ ಹೇಳಿದಳು. “ನಮ್ಮೂರಲ್ಲಿ ದೇವರ ಹೆಸರು ಹೇಳಿ ಕೊಯ್ದವನಿಗೆ ಕೊಡದೆ ಯಾರೂ ಉಣ್ಣುವುದಿಲ್ಲ. ನನ್ನ ಗಂಡ ನಿನ್ನ ಮುಲ್ಲಾನ ಪಾಲು ಕೊಡಲು ಬಂದ. ನೀನು ಅದನ್ನು ಮಣ್ಣಿಗೆ ಹಾಕಿದಿ.”

ಮಾಲಕನ ಮುಖ ಇಳಿಯಿತು. ಅವನು ಗಲ್ಲೆಯಿಂದ ಎದ್ದು ಏನೋ ಹೇಳಲು ಬಾಯಿ ತೆರೆದ. ಅವಳು ಕೇಳಲು ನಿಲ್ಲಲಿಲ್ಲ. ಗಂಡನ ತೋಳು ಹಿಡಿದು ಹೊರಗೆ ನಡೆದಳು.

ಟ್ರಾಮಿನ ಗದ್ದಲದ ನಡುವೆ ಕೇದಾರಿ ಓಡುತ್ತ ಬಂದ.

“ಮಾಮಾ, ನಿಂದರ್ರಿ! ಮಂದ್ಯಾಗ ಏನರ ಅನಬೇಕಾಗತೈತಿ. ನನ್ನ ಮುಕಾದಮಕಿ ಹೋಗಬಾರದಲ್ಲ? ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ.”

ಹನಮಂತ ತಲೆ ತಗ್ಗಿಸಿ, “ಇರ್ಲಿ ಬಿಡಪಾ,” ಎಂದ.

“ಏನ ಇರ್ಲಿ?” ಕರೆವ್ವನ ಧ್ವನಿಗೆ ದಾರಿಹೋಕರು ತಿರುಗಿ ನೋಡಿದರು. “ಏ ಕೇದಾರಿ, ನನ್ನ ಮಗಳನ್ನ ನಿನಗ ಕೊಡೂದಿಲ್ಲ.”

“ಉಂಡೀರಿ ಅತ್ತಿ. ನನ್ನ ಕಣ್ಣಮುಂದ ಉಂಡೀರಿ.”

“ಹೌದಪಾ, ಉಂಡೇನಿ. ಇನ್ನೂ ಹಲ್ಲಾಗ ಐತಿ. ಉಂಡ ಮ್ಯಾಲೆ ಒಲ್ಲೆ ಅನ್ನಾಕತ್ತೇನಿ. ಪಾಪ ಬಂದ್ರ ನನಗ ಬರ್ಲಿ.”

“ಪಂಚರ ಮುಂದ ನಿಲ್ಲಸ್ತೇನಿ ನಿಮ್ಮನ್ನ!”

“ನಿಲ್ಲಸು. ನೀ ಅಂದ ಮಾತು ಅಲ್ಲೆ ನೀನ ಹೇಳು, ನಕ್ಕೋತ ಹೇಳು. ಗುರುತ ಇಲ್ಲದವರ ಮಗಳು ನಿನಗ್ಯಾಕೋ ಮೂಳಾ?”

ಅಂದೇ ಇಬ್ಬರೂ ಊರಿನ ರೈಲು ಹತ್ತಿದರು. ಮೀರಜ ದಾಟಿದ ಮೇಲೆ ಹನಮಂತ ಒಮ್ಮೆಲೆ ಸಿಡಿದ. “ಬಡದಿದ್ದು ನನಗ. ನಾ ನುಂಗಿದ್ದೆ. ನೀ ಯಾರು ಉಗುಳಾಕ? ಮಗಳ ಬಾಳೇಕ ಬೆಂಕಿ ಹಚ್ಚಿದಿ. ಮಾತ ಕೊಟ್ಟು ಮುರಿಯೂದು ನಮ್ಮ ಮನೆತನದಾಗ ಇಲ್ಲ.”

“ಇವತ್ತಿನಿಂದ ಐತಿ,” ಎಂದಳು ಕರೆವ್ವ. ಸಿಟ್ಟು ಮಾಡಬಾರದು, ಅದು ತಪಸ್ಸನ್ನು ಸುಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅವಳು ಕಿಟಕಿಯ ಸರಳು ಹಿಡಿದುಕೊಂಡು ಎಷ್ಟೋ ಹೊತ್ತು ದೇವರನ್ನು ನೆನೆದಳು. ಸಿಟ್ಟು ಹಾಗೆಯೇ ಇತ್ತು. ದೇವರೂ ಅದನ್ನು ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಗುಡ್ಡವ್ವ ಜೋಳ ಬೀಸುತ್ತಿದ್ದಳು. ನಡೆದದ್ದನ್ನೆಲ್ಲ ಕೇಳಿದಳು. ಅಪ್ಪನ ಕೈಯ ಮೇಲೆ ಏಟು ಬಿದ್ದದ್ದನ್ನು ಕೇಳಿದಾಗ ಬೀಸುವುದು ನಿಂತಿತು. ಆದರೂ ಅವಳು ತಿರುಗಿ ಕೇಳಿದ ಪ್ರಶ್ನೆಯೇ ಬೇರೆ.

“ಬಾಕಿನ ಮ್ಯಾಲೆ ಕುಂಡ್ರಿಸಿದ್ರೇನು ನಿಮ್ಮನ್ನ? ಎಲ್ಲಾರ ತಟ್ಟ್ಯಾಗ ನೀಡಿದ್ರೇನು?”

“ನೀಡಿದ್ರು,” ಎಂದ ಹನಮಂತ.

“ಅಂಥಾ ಊರು ನನಗ ತಪ್ಪಿಸಿದಿ ಯವ್ವಾ.”

“ಊರಿನ ಮ್ಯಾಲೆ ನನಗ ಸಿಟ್ಟಿಲ್ಲ. ನಿನ್ನ ಹೆತ್ತವರನ್ನ ನನ್ನವರಲ್ಲ ಅಂದಾಂವ ನಾಳೆ ನಿನ್ನನ್ನ ಏನಂದಾನು?”

“ನಾಳಿದ್ದು ನನಗಿರ್ಲಿ. ನನ್ನ ಕೇಳಿದ್ಯೇನು ನೀನು? ಉಂಡಾಕಿ ನೀನು, ಒಲ್ಲೆ ಅಂದಾಕಿನೂ ನೀನು!”

ಗುಡ್ಡವ್ವ ಬೀಸುಕಲ್ಲಿನ ಗೂಟ ಹಿಡಿದು ಸಿಟ್ಟಿನಿಂದ ತಿರುವತೊಡಗಿದಳು. ಹಿಟ್ಟು ತರಿತರಿಯಾಗಿ ಬೀಳುತ್ತಿತ್ತು. ತಾಯಿ ಎದುರಿಗೆ ಕುಳಿತು ಗೂಟಕ್ಕೆ ತಾನೂ ಕೈ ಹಾಕಿದಳು. ಮಗಳು ಆ ಕೈಯನ್ನು ತಳ್ಳಿಹಾಕಿದಳು.